ಗುಂಡಿನ ತೂಕ ಮತ್ತು ಕರ್ತೃವಿನ ಹೊಣೆ

ಕೊಲ್ಲುವ ಸಾಧನವೊಂದನ್ನು ಇನ್ನಷ್ಟು ಸಮರ್ಥವಾಗುವಂತೆ ತಿದ್ದುವವನು ಹಿಂಸೆಯನ್ನು ತಗ್ಗಿಸುತ್ತಾನೆಯೋ ಹೆಚ್ಚಿಸುತ್ತಾನೆಯೋ ಎಂಬ ಪ್ರಶ್ನೆಯನ್ನು ಭಾರತದ ಧರ್ಮಚಿಂತಕರು ಕತ್ತಿ, ಬಿಲ್ಲು, ಬಲೆಗಳನ್ನು ಎದುರಿಗಿಟ್ಟುಕೊಂಡು ವಿಚಾರಿಸಿದ್ದಾರೆ. ರೈಫಲ್ಲಿನ ಗುಂಡನ್ನು ಎದುರಿಗಿಟ್ಟುಕೊಂಡು ವಿಚಾರಿಸಿದವರು ವಿರಳ. ಮಧ್ಯಮ ಅಳತೆಯ ನಳಿಗೆಗೆ, ಅಂದರೆ ಸುಮಾರು ಆರೂವರೆಯಿಂದ ಎಂಟು ಮಿಲಿಮೀಟರ್ ಒಳವ್ಯಾಸದ ನಳಿಗೆಗೆ, ವಾಡಿಕೆಯನ್ನು ಮೀರಿ ಭಾರವಾದ ಮತ್ತು ಉದ್ದವಾದ ಗುಂಡನ್ನು ರೂಪಿಸುವ ಪ್ರಯತ್ನ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ನಡೆದುಬಂದಿದೆ. ಅದರ ಹಿಂದಿರುವ ಭೌತಶಾಸ್ತ್ರ ತಕ್ಕಮಟ್ಟಿಗೆ ಸರಳ. ಆದರೆ ಅಂಥ ಗುಂಡು ಪ್ರಾಣಿಯನ್ನು ನರಳಿಸದೆ ಬೇಗ ಕೊಲ್ಲುತ್ತದೆ, ಆದ್ದರಿಂದ ಅದನ್ನು ರೂಪಿಸುವುದು ದಯೆಯ ಕೆಲಸವೇ ಸರಿ ಎಂದು ಅದರ ಪರವಾಗಿ ಹೇಳಲಾಗುವ ಮಾತು ಅಷ್ಟು ಸರಳವಲ್ಲ. ಈ ಮಾತನ್ನು ಒರೆಗೆ ಹಚ್ಚಲು ಬೇಕಾದ ಎರಡು ಚಿಂತನ ಪರಂಪರೆಗಳು ಹಾಸನ ಜಿಲ್ಲೆಯೊಳಗೇ ಇವೆ: ಒಂದು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಜೈನ ಪರಂಪರೆ, ಇನ್ನೊಂದು ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವು ಕನ್ನಡಕ್ಕೆ ತಂದ ಶಾಂಕರ ವೇದಾಂತ. ಬಿಲ್ಲಿನಿಂದ ಬಿಡುಗಡೆಯಾದ ಬಾಣದ ಹೊಣೆಯನ್ನು ಜೈನ ಆಗಮ ನೇರವಾಗಿ ವಿಚಾರಿಸಿದೆ; ಅದರ ಗತಿಯನ್ನು ಶಂಕರರ ಭಾಷ್ಯ ದೃಷ್ಟಾಂತವಾಗಿ ಎತ್ತಿಕೊಂಡಿದೆ.

ನಳಿಗೆಯ ಒಳವ್ಯಾಸ ಒಮ್ಮೆ ನಿಶ್ಚಯವಾದ ಮೇಲೆ ಗುಂಡಿನ ದಪ್ಪವನ್ನು ಬದಲಿಸುವಂತಿಲ್ಲ; ಗುಂಡಿನ ತಿರುಳಾಗಿ ಬಳಸುವ ಸೀಸಕ್ಕಿಂತ ಸಾಂದ್ರವೂ ಅಗ್ಗವೂ ಆದ ಲೋಹವಿಲ್ಲ; ಆದ್ದರಿಂದ ತೂಕವನ್ನು ಹೆಚ್ಚಿಸಬೇಕಾದರೆ ಉದ್ದವನ್ನು ಹೆಚ್ಚಿಸಬೇಕು. ಗುಂಡಿನ ತೂಕವನ್ನು ಅದರ ವ್ಯಾಸದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆಯನ್ನು ಸೆಕ್ಷನಲ್ ಡೆನ್ಸಿಟಿ ಎನ್ನುತ್ತಾರೆ. ಒಂದೇ ಏಟಿಗೆ ದಪ್ಪ ಗೂಟಕ್ಕಿಂತ ಮೊಳೆ ಹೆಚ್ಚು ಆಳಕ್ಕೆ ಇಳಿಯುವಂತೆ, ಈ ಸಂಖ್ಯೆ ದೊಡ್ಡದಾದಷ್ಟೂ ಗುಂಡು ಗಾಳಿಯಲ್ಲಿ ತನ್ನ ವೇಗವನ್ನು ಹೆಚ್ಚು ದೂರ ಉಳಿಸಿಕೊಳ್ಳುತ್ತದೆ ಮತ್ತು ಮೈಯೊಳಗೆ ಹೆಚ್ಚು ಆಳಕ್ಕೆ ಹೋಗುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಎರಡು ಬಗೆಯದು. ನಳಿಗೆ ತಡೆಯಬಲ್ಲ ಒತ್ತಡಕ್ಕೆ ಮಿತಿಯಿರುವುದರಿಂದ ಭಾರದ ಗುಂಡು ನಳಿಗೆಯಿಂದ ಹೊರಡುವಾಗಿನ ವೇಗ ಕಡಿಮೆ. ಮತ್ತು ಉದ್ದದ ಗುಂಡು ಗಾಳಿಯಲ್ಲಿ ಪಲ್ಟಿಯಾಗದೆ ನೇರ ಸಾಗಬೇಕಾದರೆ ಅದು ಇನ್ನೂ ರಭಸದಿಂದ ತಿರುಗಬೇಕು, ಎಂದರೆ ನಳಿಗೆಯ ಒಳಗೆ ಕೊರೆದ ಸುರುಳಿ ಗೀರುಗಳು ಇನ್ನೂ ಬಿಗಿಯಾಗಿ ಸುತ್ತಬೇಕು. ಇಂಗ್ಲೆಂಡಿನ ಗಣಿತಜ್ಞ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟನು: ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಗುಂಡಿನ ಉದ್ದದಿಂದ ಭಾಗಿಸಿದರೆ, ಎಷ್ಟು ದೂರಕ್ಕೆ ಗೀರು ಒಂದು ಪೂರ್ತಿ ಸುತ್ತು ಬರಬೇಕೆಂಬುದು ತಿಳಿಯುತ್ತದೆ. 7 ಮಿ.ಮೀ. ವ್ಯಾಸದ ಗುಂಡು 28 ಮಿ.ಮೀ. ಉದ್ದವಿದ್ದರೆ ಸುಮಾರು 262 ಮಿ.ಮೀ.ಗೆ ಒಂದು ಸುತ್ತು ಸಾಕು. ಅದೇ ಗುಂಡನ್ನು 35 ಮಿ.ಮೀ.ಗೆ ಉದ್ದ ಮಾಡಿದರೆ 210 ಮಿ.ಮೀ.ಗೆ ಒಂದು ಸುತ್ತು ಬೇಕು. ಹೀಗೆ ಗುಂಡನ್ನು ಬದಲಿಸಹೊರಟವನು ನಳಿಗೆಯನ್ನೂ ಮದ್ದನ್ನೂ ಬದಲಿಸಬೇಕಾಗಿ ಬರುತ್ತದೆ. ಭಾರದ ಗುಂಡು ಆಕಸ್ಮಿಕವಾಗಿ ಹುಟ್ಟುವ ವಸ್ತುವಲ್ಲ, ಪ್ರತಿ ಹಂತದಲ್ಲೂ ಬೇಕೆಂದೇ ಆರಿಸಿಕೊಂಡದ್ದು ಎಂಬ ಈ ಸಂಗತಿ ಮುಂದಿನ ವಿಚಾರಕ್ಕೆ ಆಧಾರವಾಗಲಿದೆ.

ಸ್ವಿಟ್ಜರ್ಲೆಂಡಿನ ಎಡ್ವರ್ಡ್ ರೂಬಿನ್ 1882ರಲ್ಲಿ ಸೀಸದ ಗುಂಡಿಗೆ ತಾಮ್ರದ ಹೊದಿಕೆ ಹಾಕುವ ವಿಧಾನವನ್ನು ಕಂಡುಹಿಡಿದ ಮೇಲೆ ಸಣ್ಣ ವ್ಯಾಸದ ಉದ್ದ ಗುಂಡುಗಳು ಸಾಧ್ಯವಾದವು. ಆ ಕಾಲದ 6.5 ಮಿ.ಮೀ. ಮಾನ್ಲಿಕರ್ ರೈಫಲ್ಲುಗಳಿಗೆ 160 ಗ್ರೇನ್, ಅಂದರೆ ಹತ್ತು ಗ್ರಾಮಿಗಿಂತ ತುಸು ಹೆಚ್ಚು ತೂಕದ, ಮೊಂಡು ಮೂತಿಯ ಉದ್ದ ಗುಂಡು ಬಳಕೆಗೆ ಬಂತು, 7 ಮಿ.ಮೀ. ಮೌಸರಿಗೆ 173 ಗ್ರೇನಿನ ಗುಂಡು. ಡಬ್ಲ್ಯು. ಡಿ. ಎಂ. ಬೆಲ್ ಎಂಬ ಬೇಟೆಗಾರ ಆಫ್ರಿಕಾದಲ್ಲಿ ಕೊಂದ ಸಾವಿರಕ್ಕೂ ಹೆಚ್ಚು ಆನೆಗಳಲ್ಲಿ ಬಹುಪಾಲನ್ನು ಈ 7 ಮಿ.ಮೀ. ಗುಂಡಿನಿಂದಲೇ ಕೊಂದನು, ತೆಳ್ಳನೆಯ ಗುಂಡು ಆನೆಯ ತಲೆಬುರುಡೆಯನ್ನು ಹಾದು ಮಿದುಳನ್ನು ಮುಟ್ಟಿದ್ದು ಅದರ ಉದ್ದ ಮತ್ತು ತೂಕದ ಬಲದಿಂದ. 1905ರಲ್ಲಿ ಜರ್ಮನಿಯ ಸೈನ್ಯ ಸುಮಾರು 14.7 ಗ್ರಾಮಿನ ಹಳೆಯ ಗುಂಡನ್ನು ಬಿಟ್ಟು ಸುಮಾರು ಹತ್ತು ಗ್ರಾಮಿನ ಚೂಪು ಮೂತಿಯ ಹಗುರ ಗುಂಡನ್ನು ಹಿಡಿಯಿತು, ಇತರ ಸೈನ್ಯಗಳೂ ಆ ದಾರಿ ಹಿಡಿದವು. ಬೇಟೆಗಾರರು ಮಾತ್ರ ಭಾರದ ಗುಂಡನ್ನು ಕೈಬಿಡಲಿಲ್ಲ. ಭಾರತದಲ್ಲಿ ಸಾಮಾನ್ಯ ಪರವಾನಗಿದಾರನಿಗೆ ದೊರೆಯುವ, ಇಛಾಪುರದ ಸರ್ಕಾರಿ ಕಾರ್ಖಾನೆ ತಯಾರಿಸುತ್ತ ಬಂದ 315 ಬೋರ್ ರೈಫಲ್ ಈ ವಂಶಕ್ಕೇ ಸೇರಿದ್ದು: ಸುಮಾರು 8 ಮಿ.ಮೀ. ನಳಿಗೆಗೆ 244 ಗ್ರೇನಿನ, ಅಂದರೆ ಹದಿನಾರು ಗ್ರಾಮಿಗೆ ಸಮೀಪದ, ಮೆದು ಮೂತಿಯ ಗುಂಡು.

ಹಾಸನ ಜಿಲ್ಲೆಗೆ ಈ ಚರ್ಚೆ ಹೊರಗಿನದಲ್ಲ. ಅರಕಲಗೂಡು ತಾಲ್ಲೂಕು ಕೊಡಗಿನ ಗಡಿಗೆ ಹೊಂದಿಕೊಂಡಿದೆ. ಕೋವಿ, ಈಡು, ಈಡುಗಾರ ಎಂಬ ಮಾತುಗಳು ಆ ಕಡೆಯ ಹಳ್ಳಿಗಳಿಗೆ ಹೊಸವಲ್ಲ. ಆಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ಆನೆ ಮತ್ತು ಮನುಷ್ಯರ ಸಂಘರ್ಷ ಎಷ್ಟು ತೀವ್ರವಾಯಿತೆಂದರೆ ಹೈಕೋರ್ಟಿನ ನಿರ್ದೇಶನದಂತೆ ರಚನೆಯಾದ, ಪ್ರೊಫೆಸರ್ ರಾಮನ್ ಸುಕುಮಾರ್ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆ 2012ರ ತನ್ನ ವರದಿಯಲ್ಲಿ ಆಲೂರು ಭಾಗದ ಆನೆಗಳನ್ನು ಅಲ್ಲಿಂದ ತೆರವುಗೊಳಿಸುವ ವಿಷಯವನ್ನೇ ಚರ್ಚಿಸಬೇಕಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಮನುಷ್ಯನ ಜೀವಕ್ಕೆ ಅಪಾಯವಾದ ಪ್ರಾಣಿಯ ವಿಷಯದಲ್ಲಿ ಅದರ ಹನ್ನೊಂದನೆಯ ಸೆಕ್ಷನ್ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅನುಮತಿ ಕೊಡುವ ಅಧಿಕಾರವನ್ನು ಉಳಿಸಿದೆ, ಆದರೆ ಹಿಡಿಯಲು ಅಥವಾ ಬೇರೆಡೆಗೆ ಸಾಗಿಸಲು ಸಾಧ್ಯವಿರುವಾಗ ಕೊಲ್ಲುವಂತಿಲ್ಲ. ಹಾಗಾಗಿ ಇಲ್ಲಿ ಆನೆಯ ಮೇಲೆ ಹಾರುವುದು ಹೆಚ್ಚಾಗಿ ಅರಿವಳಿಕೆಯ ಚುಚ್ಚುಮದ್ದು. ಅಂಥ ಒಂದು ಕಾರ್ಯಾಚರಣೆಯಲ್ಲೇ, 2023ರ ಡಿಸೆಂಬರ್ 4ರಂದು, ಮೈಸೂರು ದಸರೆಯಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನ ಎಂಬ ಸಾಕಾನೆ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆಯೊಡನೆ ಸೆಣಸಿ ಪ್ರಾಣಬಿಟ್ಟಿತು. ಕೊಲ್ಲದೆ ಹಿಡಿಯುವ ದಾರಿಯೂ ಪ್ರಾಣದ ಬೆಲೆ ಕೇಳುತ್ತದೆ ಎಂಬುದನ್ನು ಮರೆತು ಅಹಿಂಸೆಯನ್ನು ಬೋಧಿಸುವವರ ಮಾತನ್ನು ಈ ಜಿಲ್ಲೆಯ ಜನ ಒಪ್ಪಲಾರರು, ಒಪ್ಪಬೇಕಾದುದೂ ಇಲ್ಲ.

ಭಾರದ ಗುಂಡಿನ ಪರವಾದ ದಯೆಯ ವಾದವನ್ನು ಅದರ ಪೂರ್ಣ ಬಲದಲ್ಲಿ ಮುಂದಿಡುವುದು ನ್ಯಾಯ. ಗುಂಡು ಹಾರಿಸಲೇಬೇಕೆಂದು ನಿರ್ಧಾರವಾದ ಮೇಲೆ, ಹಗುರ ಗುಂಡು ಭುಜದ ಮೂಳೆಯಲ್ಲೇ ಚೂರಾಗಿ ಪ್ರಾಣಿ ದಿನಗಟ್ಟಲೆ ಕೀವು ತುಂಬಿದ ಗಾಯದೊಡನೆ ಅಲೆಯುವುದಕ್ಕಿಂತ, ಭಾರದ ಗುಂಡು ಹೃದಯವನ್ನೋ ಶ್ವಾಸಕೋಶವನ್ನೋ ತಲಪಿ ಬೇಗ ಕೊನೆಗಾಣಿಸುವುದು ಮೇಲು. ಗಾಯಗೊಂಡ ಪ್ರಾಣಿ ಮನುಷ್ಯರಿಗೂ ಹೆಚ್ಚು ಅಪಾಯಕಾರಿ. ಈ ವಾದದಲ್ಲಿ ಸತ್ಯವಿದೆ. ಆದರೆ ಹತ್ತನೆಯ ಶತಮಾನದವನೆಂದು ಎಣಿಸಲಾಗುವ ದಿಗಂಬರ ಆಚಾರ್ಯ ಅಮೃತಚಂದ್ರ ತನ್ನ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದಕ್ಕೆ ಬಹಳ ಹತ್ತಿರದ ಎರಡು ವಾದಗಳನ್ನು ಎತ್ತಿಕೊಂಡು ಎರಡನ್ನೂ ತಳ್ಳಿಹಾಕುತ್ತಾನೆ: ಒಂದು ಕ್ರೂರ ಪ್ರಾಣಿಯನ್ನು ಕೊಂದರೆ ಅನೇಕ ಜೀವಗಳು ಉಳಿಯುತ್ತವೆ ಎಂಬುದು, ಇನ್ನೊಂದು ನರಳುತ್ತಿರುವ ಜೀವಿಯನ್ನು ಕೊಂದರೆ ಅದಕ್ಕೆ ದುಃಖದಿಂದ ಬಿಡುಗಡೆಯಾಗುತ್ತದೆ ಎಂಬುದು. ಅವನ ದೃಷ್ಟಿಯಲ್ಲಿ ಹಿಂಸೆಯ ಮೂಲ ಕೊಲ್ಲುವವನ ಚಿತ್ತದಲ್ಲಿ ರಾಗದ್ವೇಷಗಳು ಹುಟ್ಟುವುದರಲ್ಲಿದೆ. ಸತ್ತ ಪ್ರಾಣಿಯ ಪಾಲಿಗೆ ಫಲ ಏನಾಯಿತೆಂಬ ಲೆಕ್ಕ ಆ ಮೂಲವನ್ನು ಅಳಿಸಲಾರದು. ತತ್ತ್ವಾರ್ಥಸೂತ್ರವೂ ಪ್ರಮಾದ, ಎಂದರೆ ರಾಗದ್ವೇಷಗಳಿಂದ ಕೂಡಿದ ಎಚ್ಚರಗೇಡಿತನ, ಜೊತೆಗಿದ್ದಾಗ ಆಗುವ ಪ್ರಾಣಹಾನಿಯನ್ನೇ ಹಿಂಸೆ ಎನ್ನುತ್ತದೆ.

ಆದರೂ ಚಿತ್ತವೊಂದನ್ನೇ ಹಿಡಿದು ನಿಂತರೆ ಗುಂಡಿನ ಕುಶಲಿ ಸುಲಭವಾಗಿ ಪಾರಾಗುತ್ತಾನೆ: ತನ್ನಲ್ಲಿ ದ್ವೇಷವಿಲ್ಲ, ಇರುವುದು ಲೋಹ ಮತ್ತು ಲೆಕ್ಕದ ಕುತೂಹಲ ಮಾತ್ರ ಎಂದು ಅವನು ಹೇಳಬಹುದು. ಅವನಿಗೆ ಉತ್ತರ ದೊರೆಯುವುದು ಜೈನ ಚಿಂತನೆಯ ಇನ್ನೊಂದು ಎಳೆಯಲ್ಲಿ. ಶ್ವೇತಾಂಬರರ ಆಗಮವಾದ ಭಗವತೀಸೂತ್ರದ ಐದನೆಯ ಶತಕ ಎಂಬ ಭಾಗದಲ್ಲಿ ಬಿಲ್ಲುಗಾರನ ಪ್ರಸಂಗವೊಂದಿದೆ. ದಿಗಂಬರರು ಈ ಆಗಮವನ್ನು ಪ್ರಮಾಣವೆಂದು ಸ್ವೀಕರಿಸುವುದಿಲ್ಲವಾದ್ದರಿಂದ ಶ್ರವಣಬೆಳಗೊಳದಲ್ಲಿ ಇದು ಶಾಸ್ತ್ರವಾಕ್ಯವಾಗದು. ಆದರೆ ವಿಚಾರದ ಸೂಕ್ಷ್ಮತೆಗೆ ಪಂಥದ ಗೋಡೆ ಅಡ್ಡಬರಬಾರದು. ಅಲ್ಲಿ ಹೇಳುವ ಐದು ಕ್ರಿಯೆಗಳಿವೆ, ಅಂದರೆ ಕರ್ಮವನ್ನು ಅಂಟಿಸುವ ಐದು ಬಗೆಯ ವ್ಯಾಪಾರಗಳು: ದೇಹವನ್ನು ತೊಡಗಿಸುವ ಕಾಯಿಕೀ, ಸಾಧನವನ್ನು ಸಜ್ಜುಗೊಳಿಸುವ ಆಧಿಕರಣಿಕೀ, ದ್ವೇಷದ ಪ್ರಾದ್ವೇಷಿಕೀ, ನೋವುಂಟುಮಾಡುವ ಪಾರಿತಾಪನಿಕೀ, ಪ್ರಾಣ ತೆಗೆಯುವ ಪ್ರಾಣಾತಿಪಾತಿಕೀ. ಒಬ್ಬನು ಬಿಲ್ಲೆತ್ತಿ ಬಾಣವನ್ನು ಮೇಲಕ್ಕೆ ಬಿಟ್ಟಾಗ ಅದು ದಾರಿಯಲ್ಲಿ ಜೀವಿಗಳನ್ನು ಕೊಂದರೆ ಐದೂ ಕ್ರಿಯೆಗಳು ಅವನನ್ನು ಮುಟ್ಟುತ್ತವೆ. ಬಿಲ್ಲು, ಹೆದೆ, ಬಾಣಗಳು ಯಾವ ಜೀವಿಗಳ ದೇಹದಿಂದ ಆದವೋ ಆ ಜೀವಿಗಳನ್ನೂ ಐದು ಮುಟ್ಟುತ್ತವೆ. ಅದೇ ಬಾಣ ಮೇಲೇರಿ, ಬಿಲ್ಲುಗಾರನ ಬಲ ತೀರಿ, ತನ್ನದೇ ಭಾರದಿಂದ ಕೆಳಗೆ ಬೀಳುವಾಗ ಜೀವಿಗಳನ್ನು ಕೊಂದರೆ ಬಿಲ್ಲುಗಾರನಿಗೆ ನಾಲ್ಕು ಕ್ರಿಯೆಗಳು, ಬಾಣದ ಜೀವಿಗಳಿಗೆ ಐದು.

ಇಲ್ಲಿರುವ ವಿವೇಕ ಅಪಾರ. ಬಾಣದ ಸ್ವಂತ ಭಾರ ಮಾಡಿದ ಕೆಲಸಕ್ಕೆ ಬಿಲ್ಲುಗಾರನ ಹೊಣೆ ಒಂದು ಮೆಟ್ಟಿಲು ಇಳಿಯುತ್ತದೆ, ಆದರೆ ಶೂನ್ಯಕ್ಕೆ ಇಳಿಯುವುದಿಲ್ಲ. ಪ್ರಾಣ ತೆಗೆದ ಕ್ರಿಯೆ ಮಾತ್ರ ಅವನ ಲೆಕ್ಕದಿಂದ ಹೊರಗುಳಿದು, ಸಾಧನವನ್ನು ಸಜ್ಜುಗೊಳಿಸಿದ ಕ್ರಿಯೆ ಹಾಗೆಯೇ ಉಳಿಯುತ್ತದೆ. ಈ ರಿಯಾಯಿತಿ ನಿಂತಿರುವುದು ಒಂದು ಗೃಹೀತದ ಮೇಲೆ: ಬಾಣದ ಭಾರ ಬಾಣದ್ದು, ಬಿಲ್ಲುಗಾರನ ಉದ್ದೇಶದಲ್ಲಿ ಸೇರಿದ್ದಲ್ಲ. ಕೆಳಗೆ ಬೀಳಲೆಂದು ಯಾರೂ ಬಾಣಕ್ಕೆ ತೂಕ ಕೊಡುವುದಿಲ್ಲ. ಭಾರದ ಗುಂಡಿನಲ್ಲಿ ಈ ಗೃಹೀತವೇ ತಲೆಕೆಳಗಾಗುತ್ತದೆ. ಅಲ್ಲಿ ಭಾರವೇ ಉದ್ದೇಶ; ಮದ್ದಿನ ತಳ್ಳು ನಿಂತ ಮೇಲೂ ಗುಂಡು ಮುಂದುವರಿಯಲಿ, ಗಾಳಿಯೂ ಮೂಳೆಯೂ ತಡೆದರೂ ಒಳಗೆ ಹೋಗಲಿ ಎಂಬ ಇಚ್ಛೆಯೇ ಲೋಹದ ಉದ್ದವಾಗಿ ರೂಪ ಪಡೆದಿದೆ. ಆದ್ದರಿಂದ ಭಗವತೀಸೂತ್ರದ ತರ್ಕವನ್ನು ಪ್ರಾಮಾಣಿಕವಾಗಿ ಅನ್ವಯಿಸಿದರೆ ಗುಂಡಿನ ಸ್ವಂತ ಭಾರದ ಕೆಲಸಕ್ಕೆ ದೊರೆಯಬೇಕಾದ ರಿಯಾಯಿತಿ ಅದರ ನಿರ್ಮಾಪಕನಿಗೆ ದೊರೆಯುವುದಿಲ್ಲ.

ದಯೆಯ ವಾದವನ್ನೂ ಇದೇ ಐದು ಕ್ರಿಯೆಗಳ ಮೇಲಿಟ್ಟು ನೋಡಬಹುದು. ಒಳ್ಳೆಯ ಭಾರದ ಗುಂಡು ಪಾರಿತಾಪನಿಕಿಯನ್ನು, ಅಂದರೆ ನೋವುಂಟುಮಾಡುವ ಕ್ರಿಯೆಯನ್ನು, ನಿಜವಾಗಿಯೂ ಕಡಿಮೆ ಮಾಡುತ್ತದೆ. ಅದೇ ಕಾರಣದಿಂದ ಪ್ರಾಣಾತಿಪಾತಿಕಿಯನ್ನು ಹೆಚ್ಚು ನಿಶ್ಚಿತಗೊಳಿಸುತ್ತದೆ. ಆಧಿಕರಣಿಕಿಯಂತೂ, ಸಾಧನಕ್ಕಾಗಿ ಪಟ್ಟ ಶ್ರಮ ಹೆಚ್ಚಾದಷ್ಟೂ ಗಟ್ಟಿಯಾಗುತ್ತದೆ. ದಯೆ ಎಂದು ಕರೆಯಲಾಗುತ್ತಿರುವುದು ಐದರಲ್ಲಿ ಒಂದರ ಇಳಿಕೆ ಮಾತ್ರ, ಒಟ್ಟು ಹಿಂಸೆಯ ಇಳಿಕೆಯಲ್ಲ.

ಆಧಿಕರಣಿಕೀ ಕ್ರಿಯೆಯನ್ನು ಆಗಮಗಳು ಮತ್ತೆ ಎರಡಾಗಿ ಒಡೆಯುತ್ತವೆ: ಮೊದಲೇ ಸಿದ್ಧವಿರುವ ಬಿಡಿಭಾಗಗಳನ್ನು ಆಯುಧವಾಗಿ ಜೋಡಿಸುವ ಸಂಯೋಜನ, ಹೊಸದಾಗಿ ಆಯುಧವನ್ನು ನಿರ್ಮಿಸುವ ನಿರ್ವರ್ತನ. ಹಿತ್ತಾಳೆಯ ಚಿಪ್ಪು, ಮದ್ದು, ಗುಂಡುಗಳನ್ನು ಕೊಂಡು ತಂದು ಕಾಡತೂಸು ಕಟ್ಟುವವನು ಮೊದಲನೆಯದರಲ್ಲೂ, ಹೊಸ ಅಳತೆಯ ಗುಂಡಿಗೆ ಅಚ್ಚು ಕೊರೆಯುವವನು ಎರಡನೆಯದರಲ್ಲೂ ಬೀಳುತ್ತಾರೆ. ದಿಗಂಬರರ ಶ್ರಾವಕಾಚಾರವೂ, ಅಂದರೆ ಗೃಹಸ್ಥರ ಆಚಾರಶಾಸ್ತ್ರವೂ, ಈ ವಿಷಯದಲ್ಲಿ ಮೌನವಾಗಿಲ್ಲ. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡ, ಎಂದರೆ ಪ್ರಯೋಜನವಿಲ್ಲದೆ ತಂದುಕೊಳ್ಳುವ ಪಾಪ, ಐದು ವಿಧ. ಅವುಗಳಲ್ಲಿ ಒಂದು ಹಿಂಸಾದಾನ, ಅಂದರೆ ಕೊಡಲಿ, ಕತ್ತಿ, ಬೆಂಕಿ, ಸಂಕೋಲೆಗಳಂಥ ಹಿಂಸೆಯ ಉಪಕರಣಗಳನ್ನು ಇನ್ನೊಬ್ಬರಿಗೆ ಒದಗಿಸುವುದು. ಕಾಗದದ ಗುರಿಗೆ ಹೊಡೆದು ಪಳಗಿಸಿದ ಗುಂಡು ಅಲ್ಲಿಯವರೆಗೆ ಯಾವ ಜೀವವನ್ನೂ ತೆಗೆದಿರುವುದಿಲ್ಲ. ಅದರ ಅಳತೆ ಮಾರುಕಟ್ಟೆಗೆ ಹೋದ ದಿನ ಅದು ಹಿಂಸಾದಾನವಾಗುತ್ತದೆ.

ಇದಕ್ಕೆ ಗಂಭೀರವಾದ ಆಕ್ಷೇಪವೊಂದು ಶ್ರವಣಬೆಳಗೊಳದ ಬೆಟ್ಟದ ಮೇಲೆಯೇ ನಿಂತಿದೆ. ಸುಮಾರು 981ರಲ್ಲಿ 58 ಅಡಿ ಎತ್ತರದ ಬಾಹುಬಲಿಯನ್ನು ಕಡೆಯಿಸಿದ ಚಾವುಂಡರಾಯ ಗಂಗರ ಸೇನಾನಿ. ಸಮರಪರಶುರಾಮ, ವೀರಮಾರ್ತಾಂಡ, ರಣರಂಗಸಿಂಗ ಮುಂತಾದ ಅವನ ಬಿರುದುಗಳು ಯುದ್ಧಗಳಲ್ಲಿ ಗಳಿಸಿದವು. ಗೃಹಸ್ಥರ ಮತ್ತು ಮುನಿಗಳ ಆಚಾರವನ್ನು ವಿವರಿಸುವ ಚಾರಿತ್ರಸಾರವೂ ಅವನ ಹೆಸರಿನಲ್ಲೇ ಇದೆ. ಅರಕಲಗೂಡು ಸೀಮೆಯನ್ನು ಆಳಿದ ಕೊಂಗಾಳ್ವರೂ ಜಿನಭಕ್ತರು, ಯೋಧರು. ಇವರು ಅಹಿಂಸೆಯನ್ನು ಬಾಯಿಮಾತಾಗಿ ಹೇಳಿದವರಲ್ಲ. ಜೈನ ನೀತಿ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಅಡುಗೆ ಮುಂತಾದ ಮನೆಗೆಲಸಗಳಲ್ಲಿ ಆಗುವ ಆರಂಭೀ, ಜೀವನೋಪಾಯದಲ್ಲಿ ಆಗುವ ಉದ್ಯೋಗೀ, ಆಕ್ರಮಣವನ್ನು ಎದುರಿಸುವಾಗ ಆಗುವ ವಿರೋಧೀ ಹಿಂಸೆಗಳನ್ನು ಗೃಹಸ್ಥನಿಗೆ ಪೂರ್ತಿ ತಪ್ಪಿಸಲಾಗದವೆಂದು ಒಪ್ಪಿತು; ಕೊಲ್ಲುವ ಸಂಕಲ್ಪದಿಂದಲೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಅವನು ಬಿಡಲೇಬೇಕೆಂದು ವಿಧಿಸಿತು, ಬೇಟೆಯನ್ನು ಅದರಲ್ಲಿ ಸೇರಿಸಿತು. ಚಾವುಂಡರಾಯನ ಕತ್ತಿಗೆ ವಿರೋಧೀ ಹಿಂಸೆಯ ಆಶ್ರಯವಿದೆ. ಹೊಲಕ್ಕೆ ನುಗ್ಗಿ ಮೈಮೇಲೆ ಬರುವ ಪ್ರಾಣಿಯೆದುರು ಪ್ರಾಣರಕ್ಷಣೆಗೆ ಕೋವಿ ಎತ್ತುವ ರೈತನಿಗೂ ಆ ಆಶ್ರಯವನ್ನು ನಿರಾಕರಿಸಲಾಗದು. ಆದರೆ ವಿರೋಧೀ ಹಿಂಸೆ ಎದುರಾಳಿಯನ್ನು ತಡೆಯುವಷ್ಟಕ್ಕೆ ಮುಗಿಯುತ್ತದೆ. ಇರುವ ಗುಂಡು ಸಾಕಾಗಿರುವಾಗ ಇನ್ನೂ ಉದ್ದ, ಇನ್ನೂ ಭಾರ, ಇನ್ನೂ ದೂರ ಎಂದು ತಿದ್ದುತ್ತ ಹೋಗುವುದಕ್ಕೆ ಎದುರಾಳಿಯೇ ಇಲ್ಲ. ಎದುರಾಳಿಯಿಲ್ಲದ ಸಿದ್ಧತೆಯನ್ನು ವಿರೋಧೀ ಎಂದು ಕರೆಯಲಾಗದು. ಭರತ ಬಾಹುಬಲಿಯರ ಕಥೆಯಲ್ಲೂ ಸೇನೆಗಳ ರಕ್ತಪಾತವನ್ನು ತಪ್ಪಿಸಲು ದೃಷ್ಟಿ, ಜಲ, ಮಲ್ಲ ಯುದ್ಧಗಳಿಗೆ ಇಬ್ಬರೂ ಒಪ್ಪಿದರು; ಸೋತ ಭರತ ಆ ಮಿತಿಯನ್ನು ಮೀರಿ ಚಕ್ರರತ್ನವನ್ನು ಪ್ರಯೋಗಿಸಿದ್ದೇ ಬಾಹುಬಲಿಗೆ ವೈರಾಗ್ಯ ತಂದಿತು.

ಹೊಳೆನರಸೀಪುರದ ಪರಂಪರೆ ಇದೇ ಬಾಣವನ್ನು ಬೇರೊಂದು ಕಡೆಯಿಂದ ನೋಡುತ್ತದೆ. ಶ್ರೀ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು 1920ರಲ್ಲಿ ಆರಂಭಿಸಿ ಮುಂದೆ ಹೊಳೆನರಸೀಪುರದಲ್ಲಿ ನೆಲೆಗೊಳಿಸಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಶಂಕರರ ಭಾಷ್ಯಗಳನ್ನು ಕನ್ನಡದಲ್ಲಿ ಓದಲು ಸಾಧ್ಯವಾಗಿಸಿತು. ಗೀತೆಯ ಹದಿಮೂರನೆಯ ಅಧ್ಯಾಯದ ಭಾಷ್ಯದಲ್ಲಿ ಶಂಕರರು, ಜ್ಞಾನಿಯ ದೇಹ ಏಕೆ ಉಳಿಯುತ್ತದೆ ಎಂಬ ಪ್ರಶ್ನೆಗೆ ಬಾಣದ ದೃಷ್ಟಾಂತ ಕೊಡುತ್ತಾರೆ: ಗುರಿಯತ್ತ ಬಿಟ್ಟ ಬಾಣ ಗುರಿಯನ್ನು ಭೇದಿಸಿದ ಮೇಲೂ ತನ್ನ ವೇಗ ತೀರುವವರೆಗೆ ನಿಲ್ಲುವುದಿಲ್ಲ, ಫಲ ಕೊಡಲು ತೊಡಗಿದ ಪ್ರಾರಬ್ಧ ಕರ್ಮವೂ ಹಾಗೆಯೇ, ಬಿಲ್ಲಿಗೆ ಹೂಡಿದರೂ ಇನ್ನೂ ಬಿಡದ ಬಾಣವನ್ನಾದರೋ ಹಿಂತೆಗೆದುಕೊಳ್ಳಬಹುದು. ಈ ದೃಷ್ಟಾಂತ ಮೋಕ್ಷವಿಚಾರಕ್ಕೆ ಸೇರಿದ್ದು, ಆದರೆ ಅದು ಹಿಡಿದಿರುವ ಭೌತಸತ್ಯ ಗುಂಡಿಗೂ ಸಲ್ಲುತ್ತದೆ. ಬಿಡುವ ಮುಂಚೆ ಸ್ವಾತಂತ್ರ್ಯ, ಬಿಟ್ಟ ಮೇಲೆ ವೇಗ. ಉದ್ದದ ಭಾರವಾದ ಗುಂಡು ವೇಗವನ್ನು ಹೆಚ್ಚು ಕಾಲ ಉಳಿಸಿಕೊಳ್ಳುವುದರಿಂದ, ಯಾರ ಇಚ್ಛೆಗೂ ಸಿಗದ ಆ ಎರಡನೆಯ ಭಾಗವನ್ನು ಅದು ವಿಸ್ತರಿಸುತ್ತದೆ. ಹಂದಿಯ ಮೈಯನ್ನು ಹಾದು ಹೋದ ಗುಂಡು ಅದರಾಚೆಯ ಕಾಫಿ ತೋಟದಲ್ಲಿ ಯಾರಿದ್ದಾರೆಂದು ಕೇಳುವುದಿಲ್ಲ. ಹಿಂತೆಗೆಯಲಾಗದ ಭಾಗ ದೊಡ್ಡದಾದಷ್ಟೂ ಹೂಡುವ ಮುಂಚಿನ ವಿವೇಕದ ಹೊರೆ ಹೆಚ್ಚುತ್ತದೆ, ಮತ್ತು ಆ ಹೊರೆಯ ಒಂದು ಪಾಲು ವೇಗ ಎಷ್ಟು ಉಳಿಯಬೇಕೆಂದು ತೀರ್ಮಾನಿಸಿದವನದು.

ಆತ್ಮ ಅಕರ್ತೃ, ಅಹಂಕಾರವಿಲ್ಲದವನು ಕೊಂದರೂ ಕೊಂದವನಲ್ಲ ಎಂಬ ಗೀತೆಯ ಹದಿನೆಂಟನೆಯ ಅಧ್ಯಾಯದ ಮಾತನ್ನು ಇಲ್ಲಿ ಆಸರೆಯಾಗಿ ಹಿಡಿಯುವವರಿದ್ದಾರೆ. ಶಂಕರರು ಆ ಮಾತನ್ನು ಆತ್ಮಜ್ಞಾನ ಪಡೆದವನ ಸ್ಥಿತಿಯ ವರ್ಣನೆಯಾಗಿ ವಿವರಿಸುತ್ತಾರೆಯೇ ಹೊರತು ಉಳಿದವರಿಗೆ ಕೊಟ್ಟ ಅಪ್ಪಣೆಯಾಗಿ ಅಲ್ಲ. ಒಂದೊಂದು ಗ್ರೇನ್ ತೂಕವನ್ನು ತನ್ನ ಗುರಿಗೆ ತಕ್ಕಂತೆ ಹೊಂದಿಸುವವನು ಕರ್ತೃತ್ವದ ಒಳಗೇ ಇದ್ದಾನೆ. ಅವನ ಕೌಶಲದ ಕೀರ್ತಿ ಅವನಿಗೆ ಸಲ್ಲುವುದಾದರೆ ಹೊಣೆಯೂ ಸಲ್ಲಬೇಕು.

ಯುದ್ಧದ ಕಾನೂನು ಗುಂಡಿನ ಆಕಾರವನ್ನೇ ನೀತಿಯ ವಿಷಯವಾಗಿ ಎತ್ತಿಕೊಂಡದ್ದು ಮನುಷ್ಯರ ನೋವಿಗೆ ಸಂಬಂಧಿಸಿ. 1868ರ ಸೇಂಟ್ ಪೀಟರ್ಸ್‌ಬರ್ಗ್ ಘೋಷಣೆ 400 ಗ್ರಾಮಿಗಿಂತ ಹಗುರವಾದ ಸಿಡಿಯುವ ಗುಂಡುಗಳನ್ನೂ, 1899ರ ಹೇಗ್ ಘೋಷಣೆ ಮೈಯೊಳಗೆ ಅರಳುವ ಗುಂಡುಗಳನ್ನೂ ಯುದ್ಧದಲ್ಲಿ ನಿಷೇಧಿಸಿದವು. ಎರಡನೆಯದಕ್ಕೆ ಮುಖ್ಯ ಪ್ರೇರಣೆ ಕಲ್ಕತ್ತೆಯ ಬಳಿಯ ಡಮ್‌ಡಮ್ ಕಾರ್ಖಾನೆಯಲ್ಲಿ ಬ್ರಿಟಿಷರು ತಯಾರಿಸಿದ ಗುಂಡು. ಸೈನಿಕನ ಮೇಲೆ ಕ್ರೂರವೆಂದು ನಿಷೇಧವಾದ ಅರಳುವ ಗುಂಡನ್ನೇ ಪ್ರಾಣಿಯ ಮೇಲೆ ದಯೆಯ ಗುಂಡೆಂದು ಶಿಫಾರಸು ಮಾಡಲಾಗುತ್ತದೆ. ಸೈನಿಕನನ್ನು ನಿಷ್ಕ್ರಿಯಗೊಳಿಸಿದರೆ ಸಾಕು, ಪ್ರಾಣಿಯನ್ನು ಕೊಲ್ಲಲೇಬೇಕು ಎಂಬ ಉದ್ದೇಶದ ಭೇದವೇ ಇದಕ್ಕೆ ಕಾರಣ. ಅಂದಮೇಲೆ ಅಲ್ಲಿ ಅಳೆಯುತ್ತಿರುವುದು ಪ್ರಾಣಿಯ ನೋವನ್ನಲ್ಲ, ಮನುಷ್ಯನ ಗುರಿಯನ್ನು.

ಈ ವಿಚಾರಗಳಿಂದ ಹೊರಡುವ ತೀರ್ಪು ಇಷ್ಟು: ಕಾನೂನಿನ ಅನುಮತಿಯಿಂದ, ಅನಿವಾರ್ಯತೆಯಿಂದ ಪ್ರಾಣಿಯನ್ನು ಕೊಲ್ಲಬೇಕಾಗಿ ಬಂದ ಈಡುಗಾರನು ನೋವನ್ನು ಬೇಗ ಮುಗಿಸುವ ಗುಂಡನ್ನೇ ಆರಿಸಿಕೊಳ್ಳುವುದು ಅವನ ಕರ್ತವ್ಯ, ಆ ಕರ್ತವ್ಯದ ಪುಣ್ಯವನ್ನು ಗುಂಡಿನ ನಿರ್ಮಾಪಕನು ಮುಂಗಡವಾಗಿ ತನ್ನ ಹೆಸರಿಗೆ ಬರೆದುಕೊಳ್ಳುವಂತಿಲ್ಲ. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಿಂದಲೂ ಯಂತ್ರಶಾಸ್ತ್ರವನ್ನು ಕಲಿಸುತ್ತಿದೆ, ಶ್ರವಣಬೆಳಗೊಳದಲ್ಲಿ ಪ್ರಾಕೃತ ಅಧ್ಯಯನದ ಸಂಸ್ಥೆಯಿದೆ. ಆಧಿಕರಣಿಕೀ ಕ್ರಿಯೆಯನ್ನೂ ಹಿಂಸಾದಾನವನ್ನೂ ಮುನಿಗಳ ಮತ್ತು ಪಂಡಿತರ ಪಾಠಕ್ಕೆ ಬಿಟ್ಟುಕೊಡದೆ, ಮುಂದೆ ಆಯುಧದ ನಕ್ಷೆ ಬರೆಯಬಹುದಾದ ವಿದ್ಯಾರ್ಥಿಗಳ ಮುಂದೆ ಗ್ರೀನ್‌ಹಿಲ್ಲನ ಸೂತ್ರದ ಜೊತೆಯಲ್ಲೇ ಇಡುವ ಕೆಲಸವನ್ನು ಈ ಸಂಸ್ಥೆಗಳು ಕೈಗೆತ್ತಿಕೊಳ್ಳಬೇಕು.